ಡಬ್ಬಿಗಿಂತ ಮುಂಚೆ ಓಡಿದ ಬೋಲ್ಟು

ನಮ್ಮ ಕಣಿವೆಯಲ್ಲಿ ಎಲ್ವುಡ್ ರೈಗಲ್‌ನನ್ನು ತಿಳಿಯದವರು ಕಡಿಮೆ. ತಿಳಿಯದವರ ಬಂದೂಕು ಇನ್ನೂ ಸರಿಯಾಗಿ ನಡೆಯುತ್ತಿರಬೇಕು.

ಅವನು ಅಂಗಿ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ರಿಪೇರಿಯವನಾಗಿದ್ದ. ಯಂತ್ರ ನಿಂತರೆ ನಾವು ಅವನನ್ನು ಕರೆಯುತ್ತಿದ್ದೆವು. ನಿಲ್ಲದೆ ಓಡುತ್ತಿದ್ದರೆ ಅವನೇ ಬರುತ್ತಿದ್ದ, ಇನ್ನೂ ಬೇಗ ಓಡಿಸುವುದಕ್ಕೆ. ನಾನು ಅಲ್ಲಿ ಕಾಲರು ಹೊಲಿಯುತ್ತಿದ್ದೆ. ಅವನು ಕೈಯಿಟ್ಟ ಮೇಲೂ ನನ್ನ ಯಂತ್ರದಲ್ಲಿ ದಾರ ಹರಿಯುತ್ತಿತ್ತು, ಸೂಜಿ ಮುರಿಯುತ್ತಿತ್ತು. ಆದರೆ ಮೊದಲಿಗಿಂತ ಬೇಗ ಹರಿಯುತ್ತಿತ್ತು, ಬೇಗ ಮುರಿಯುತ್ತಿತ್ತು, ಅದನ್ನು ಒಪ್ಪಬೇಕು. ಕೊನೆಗೆ ಕಾರ್ಖಾನೆಯೇ ಮುಚ್ಚಿತು. ಎಲ್ವುಡ್ ತನ್ನ ಜಾಣತನವನ್ನೆಲ್ಲ ಗಂಟುಕಟ್ಟಿಕೊಂಡು ಮನೆಗೆ ಬಂದ. ನೆಲಮಾಳಿಗೆಯಲ್ಲಿ ತೂತು ಕೊರೆಯುವ ಯಂತ್ರ ಇಟ್ಟುಕೊಂಡು, ಊರವರ ಬಂದೂಕುಗಳಿಗೆ ಉಪಕಾರ ಮಾಡಲು ಶುರು ಮಾಡಿದ.

ಭಾನುವಾರ ಚರ್ಚು ಮುಗಿದ ಮೇಲೆ ನಾವೆಲ್ಲ ಲಾಂಗ್ ಹಾಲೋ ಕ್ಲಬ್ಬಿಗೆ ಹೋಗುತ್ತೇವೆ. ಅಲ್ಲಿ ಐದು ಉಕ್ಕಿನ ತಟ್ಟೆ ನಿಲ್ಲಿಸಿರುತ್ತಾರೆ. ಪಾಯಿಂಟ್ ಇಪ್ಪತ್ತೆರಡರ ಸಣ್ಣ ಗುಂಡು ಹಾರಿಸುವ ಪುಟ್ಟ ಬಂದೂಕಿನಿಂದ ಐದನ್ನೂ ಹೊಡೆಯಬೇಕು. ಒಬ್ಬೊಬ್ಬರಿಗೆ ನಾಲ್ಕು ಸುತ್ತು. ಯಾರು ಬೇಗ ಮುಗಿಸುತ್ತಾರೋ ಅವರು ಗೆದ್ದರು. ಮೂವತ್ತು ಸೆಕೆಂಡು ಕಳೆದರೆ ಉಳಿದ ತಟ್ಟೆ ಉಳಿದ ಹಾಗೆಯೇ. ಈ ಬಂದೂಕಿನಲ್ಲಿ ಒಂದು ಗುಂಡು ಹಾರಿದ ಒದೆತಕ್ಕೆ ಬೋಲ್ಟು ಎನ್ನುವ ಉಕ್ಕಿನ ತುಂಡು ಹಿಂದಕ್ಕೆ ಹೋಗಿ ಖಾಲಿ ಕೊಳವೆಯನ್ನು ಎಸೆಯುತ್ತದೆ. ಮುಂದಕ್ಕೆ ಬರುವಾಗ ಕೆಳಗೆ ಸಿಕ್ಕಿಸಿದ ಗುಂಡಿನ ಡಬ್ಬಿಯಿಂದ ಇನ್ನೊಂದು ಗುಂಡನ್ನು ತಳ್ಳಿಕೊಂಡು ಬರುತ್ತದೆ. ಡಬ್ಬಿಯೊಳಗಿನ ಸ್ಪ್ರಿಂಗು ಆ ಗುಂಡನ್ನು ಅಷ್ಟರೊಳಗೆ ಮೇಲೆತ್ತಿ ಕೊಟ್ಟಿರಬೇಕು. ಕಣ್ಣು ಮಿಟುಕಿಸುವುದರಲ್ಲಿ ಇದೆಲ್ಲ ಮುಗಿದು, ಬೋಲ್ಟು ಕೈಕಟ್ಟಿ ಕೂತಿರುತ್ತದೆ, ಮನುಷ್ಯನ ಬೆರಳಿಗೆ ಯಾವಾಗ ಎಚ್ಚರವಾಗುತ್ತದೋ ಎಂದು. ಹೀಗೆ ಕಾಯುವ ಬೋಲ್ಟು ಇನ್ನೂ ಬೇಗ ಬಂದು ಇನ್ನೂ ಹೆಚ್ಚು ಹೊತ್ತು ಕಾಯುವಂತೆ ಮಾಡಿದ್ದೇ ಎಲ್ವುಡ್‌ನ ಮುಪ್ಪಿನ ಸಾಧನೆ.

ದಾರಿ ಸುಲಭ. ಬೋಲ್ಟಿಗೆ ತೂತು ಕೊರೆದು ಹಗುರ ಮಾಡುವುದು. ಹಗುರವಾದದ್ದು ಬೇಗ ಓಡುತ್ತದೆ. ಕ್ಲಬ್ಬಿನ ಅರ್ಧ ಜನರ ಬೋಲ್ಟು ಅವನ ಕೈಯಲ್ಲಿ ಜರಡಿಯಾಯಿತು. ಆಮೇಲೆ ಯಾರ ಬಂದೂಕು ನಡುವೆ ನಿಂತರೂ ಅವನು ಬಂದು ಬಗ್ಗಿ ನೋಡಿ, ಬಂದೂಕು ಸರಿಯಾಗಿಯೇ ಇದೆ, ಗುಂಡುಗಳೇ ಅದರ ವೇಗಕ್ಕೆ ಬರುತ್ತಿಲ್ಲ ಎನ್ನುತ್ತಿದ್ದ. ಡಾಕ್ಟರು ಗಟ್ಟಿಯಾಗಿದ್ದಾರೆ, ರೋಗಿಯೇ ಸತ್ತ ಎಂದ ಹಾಗೆ.

ಅವನು ಮುಟ್ಟದೆ ಉಳಿದ ಬಂದೂಕುಗಳಲ್ಲಿ ಅವನ ಹೆಂಡತಿ ನೆಯೋಮಳದ್ದು ಒಂದು. ನೆಯೋಮ ನಿಧಾನಸ್ಥೆ. ಕೋಟಿನ ಗುಂಡಿಯನ್ನು ಅವಳು ಹಾಕಿ ಮುಗಿಸುವುದರೊಳಗೆ ಎಲ್ವುಡ್ ಕಾರು ಹೊರಡಿಸಿ, ತಿರುಗಿಸಿ, ಹಾರ್ನು ಹೊಡೆದು, ಬೈದು, ಮತ್ತೆ ಒಳಗೆ ಬಂದಿರುತ್ತಿದ್ದ. ಗುಂಡು ಹೊಡೆಯುವಾಗಲೂ ಅವರೆಕಾಯಿ ಸುಲಿಯುವವಳ ಹಾಗೆ ಒಂದಾದ ಮೇಲೆ ಒಂದು. ಡಬ್ಬಿಗೆ ಐದೇ ಗುಂಡು ತುಂಬುತ್ತಿದ್ದಳು. ಆರನೆಯದು ಹಾಕಿದರೆ ಮೊದಲ ಐದರ ಮೇಲೆ ಅನುಮಾನಪಟ್ಟ ಹಾಗೆ ಎನ್ನುತ್ತಿದ್ದಳು. ಸಮಯದ ಪಟ್ಟಿಯಲ್ಲಿ ಯಾವಾಗಲೂ ಕೆಳಗೆ, ಆದರೆ ತಟ್ಟೆ ಬಿಟ್ಟವಳಲ್ಲ.

ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ವಸಂತದಿಂದ ಶರತ್ಕಾಲದವರೆಗೆ ಒಂದೂ ತಟ್ಟೆ ಬಿಡದೆ ಹೊಡೆದವರ ಹೆಸರನ್ನು ಅಡುಗೆಕೋಣೆಯ ಬಾಗಿಲ ಮೇಲಿನ ಹಲಗೆಯಲ್ಲಿ ಬಣ್ಣದಿಂದ ಬರೆಯುತ್ತಾರೆ. ಹಲಗೆಯಲ್ಲಿ ಇಬ್ಬರ ಹೆಸರಿತ್ತು. ಇಬ್ಬರೂ ಗಂಡಸರು, ಇಬ್ಬರೂ ಸತ್ತವರು. ಆ ವರ್ಷ ನೆಯೋಮ ಕೊನೆಯ ಭಾನುವಾರದವರೆಗೆ ಚೊಕ್ಕವಾಗಿ ಬಂದಿದ್ದಳು. ಬಾಯಿಬಿಟ್ಟು ಏನೂ ಕೇಳುವವಳಲ್ಲ. ಆದರೂ ಸೂಪಿನ ಬಟ್ಟಲು ಹಿಡಿದು ಬಂದಾಗಲೆಲ್ಲ ಒಂದು ಸಲ ಆ ಹಲಗೆಯ ಕಡೆ ಕಣ್ಣೆತ್ತುತ್ತಿದ್ದುದನ್ನು ಕ್ಲಬ್ಬಿನ ಅಡುಗೆಕೋಣೆಯಲ್ಲಿ ಸೌಟು ಹಿಡಿಯುವ ನಾನು ನೋಡಿದ್ದೇನೆ.

ಎಲ್ವುಡ್‌ಗೂ ಹೆಂಡತಿಯ ಹೆಸರು ಅಲ್ಲಿ ಬರಬೇಕೆಂದು ಆಸೆಯಿತ್ತು. ಸುಮ್ಮನಿದ್ದರೆ ಬರುತ್ತಿತ್ತು. ಆದರೆ ಸುಮ್ಮನಿರುವ ವಿದ್ಯೆಯನ್ನು ಕಾರ್ಖಾನೆಯಲ್ಲಿ ಅವನಿಗೆ ಕಲಿಸಿರಲಿಲ್ಲ. ಹೆಸರು ಬರುವ ದಿನ ಸಮಯವೂ ಚೆನ್ನಾಗಿರಲಿ, ಯಾರೂ ನಗದಿರಲಿ ಎಂದುಕೊಂಡು, ಅವಳು ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋದಾಗ ಅವಳ ಬೋಲ್ಟು ತೆಗೆದು ತೂತು ಕೊರೆದ. ಹಿತ್ತಿಲ ಹುಲ್ಲುಗಾವಲಿನಲ್ಲಿ ತನ್ನ ಹೊಸ ಡಬ್ಬಿಗಳನ್ನು ಹಾಕಿ ಹೊಡೆದು ನೋಡಿದ. ನೀರಿನ ಹಾಗೆ ನಡೆಯಿತು. ನೆಯೋಮಳ ಡಬ್ಬಿಗಳು ಅವರ ಮದುವೆಯಷ್ಟೇ ಹಳೆಯವು, ಸ್ಪ್ರಿಂಗಿನಲ್ಲಿ ಉಳಿದ ಬಿಗಿಯೂ ಅಷ್ಟಕ್ಕಷ್ಟೇ. ಅದು ಅವನ ತಲೆಗೆ ಹೊಳೆಯಲಿಲ್ಲ. ಅವಳಿಗೆ ಹೇಳಲೂ ಇಲ್ಲ. ಅಚ್ಚರಿಪಡಿಸಬೇಕಂತೆ. ಹೆಂಡತಿಯನ್ನು ಅಚ್ಚರಿಪಡಿಸುವ ಗಂಡಂದಿರನ್ನು ದೇವರು ಕಾಯುತ್ತಾನೆ. ಹೆಂಡತಿಯರನ್ನು ಕಾಯುವವರು ಯಾರೋ ಗೊತ್ತಿಲ್ಲ.

ಆ ಭಾನುವಾರ ಮೊದಲ ಸುತ್ತುಗಳು ಹೇಗೋ ನಡೆದವು. ಹೊಡೆಯುತ್ತ ಹೋದ ಹಾಗೆ ಗುಂಡಿಗೆ ಸವರಿದ ಮೇಣವೂ ಮಸಿಯೂ ಸೇರಿ ಡಬ್ಬಿ ಜಿಗುಟಾಯಿತು. ಕೊನೆಯ ಸುತ್ತಿಗೆ ಗಡಿಯಾರ ಹಿಡಿಯುವ ಸರದಿ ಎಲ್ವುಡ್‌ನದೇ. ಗಡಿಯಾರದವನು ಹೊಡೆಯುವವರ ಭುಜದ ಪಕ್ಕ ನಿಲ್ಲಬೇಕು, ಬಾಯಿ ಬಿಡಬಾರದು. ಏನಾದರೂ ಹೇಳಿಕೊಟ್ಟರೆ ಆ ಸುತ್ತೇ ಲೆಕ್ಕಕ್ಕಿಲ್ಲ. ಎಲ್ವುಡ್‌ನ ಬಾಯಿ ಕಟ್ಟುವ ನಿಯಮ ಊರಿನಲ್ಲಿ ಅದೊಂದೇ ಇತ್ತು.

ನಾಲ್ಕು ತಟ್ಟೆ ಟಣ್ಣೆಂದವು. ಐದನೆಯದಕ್ಕೆ ಬಂದೂಕು ಬರೀ ಟಿಕ್ ಎಂದಿತು. ಹಗುರವಾದ ಬೋಲ್ಟು, ಡಬ್ಬಿ ಗುಂಡನ್ನು ಮೇಲೆತ್ತುವ ಮೊದಲೇ ಅದರ ಮೇಲಿಂದ ಓಡಿಹೋಗಿ ಖಾಲಿ ಕೋಣೆಯ ಬಾಗಿಲು ಹಾಕಿಕೊಂಡಿತ್ತು. ನೆಯೋಮ ಬೋಲ್ಟಿನ ಹಿಡಿ ಎಳೆದು ಬಿಟ್ಟಳು. ಮತ್ತೆ ಟಿಕ್. ಎಂದೂ ಅವಸರಪಡದವಳು ಆಗ ಅವಸರಪಟ್ಟಳು. ಎಳೆದಳು, ಬಿಟ್ಟಳು, ಎಳೆದಳು, ಬಿಟ್ಟಳು. ಅವಳು ಬೇಗ ಮಾಡಿದಷ್ಟೂ ಬೋಲ್ಟು ಮೊದಲೇ ಓಡುತ್ತಿತ್ತು, ಗುಂಡು ಕೆಳಗೇ ಮಲಗಿತ್ತು.

ನೋಡುವವರಿಗೆ ಕಟ್ಟಿದ ಹಗ್ಗದಾಚೆ ನಿಂತಿದ್ದ ನನಗೆ ಎಲ್ವುಡ್‌ನ ಮುಖ ಕಾಣುತ್ತಿತ್ತು. ಏನಾಗಿದೆಯೆಂದು ಅವನಿಗೆ ಮೊದಲ ಟಿಕ್‌ಗೇ ಗೊತ್ತಾಗಿತ್ತು. ಒಮ್ಮೆ ಹಿಂದಕ್ಕೆ ಎಳೆದು ಒಂದು ಉಸಿರು ಹಿಡಿದು ನಿಂತರೆ ಸಾಕು, ಗುಂಡು ತಾನೇ ಮೇಲೆ ಬರುತ್ತದೆ. ಅದಕ್ಕೆ ಬೇಕಾದ ಮಾತು ಒಂದೇ. ಆ ಮಾತನ್ನು ಅವನು ಹುಟ್ಟಿದಂದಿನಿಂದ ಯಾರಿಗೂ ಹೇಳಿರಲಿಲ್ಲ. ಅವನ ತುಟಿ ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲ ಮುಚ್ಚಲಿಲ್ಲ.

"ಮೆಲ್ಲಗೆ ಕಣೇ," ಎಂದ.

ನೆಯೋಮಳ ಕೈ ನಿಂತಿತು. ಹಿಡಿಯನ್ನು ಹಿಂದಕ್ಕೆ ಎಳೆದು, ಹಿಡಿದು, ಬಿಟ್ಟಳು. ಐದನೆಯ ತಟ್ಟೆ ಟಣ್ಣೆಂದಿತು. ಮೂವತ್ತು ಸೆಕೆಂಡು ಇನ್ನೂ ಆಗಿರಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಪಂದ್ಯದ ಯಜಮಾನ ವಿಲ್ಮರ್ ಬಾಷೋರ್ ಆಗಲೇ ಕಿವಿಮುಚ್ಚುಗೆ ತೆಗೆದು, ಬಣ್ಣದ ಡಬ್ಬ ಎಲ್ಲಿದೆ ಎಂದು ಕೇಳುತ್ತಿದ್ದ. ನೆಯೋಮ ಬಂದೂಕು ಖಾಲಿಯೆಂದು ತೋರಿಸಿ ಮೇಜಿನ ಮೇಲಿಟ್ಟಳು.

"ಬರೀಬೇಡ ವಿಲ್ಮರ್. ಇವನು ಹೇಳ್ಕೊಟ್ಟ."

"ನಂಗೇನೂ ಕೇಳಿಸ್ಲಿಲ್ಲವಲ್ಲ ನೆಯೋಮ."

"ನಂಗೆ ಕೇಳಿಸ್ತು." ಆಮೇಲೆ ಗಂಡನ ಕಡೆ ತಿರುಗಿದಳು. "ಮೆಲ್ಲಗೆ ಬಿಟ್ರೆ ಬರತ್ತೆ ಅಂತ ನಿಂಗ್ ಹೆಂಗೆ ಗೊತ್ತಾಯ್ತು? ನನ್ ಬಂದೂಕು ಒಂದಿನಾನೂ ಹಿಂಗಾಡಿಲ್ಲ."

ಎಲ್ವುಡ್ ಗಡಿಯಾರ ನೋಡಿದ.

"ಒಂಚೂರು ಹಗುರ ಮಾಡಿದ್ದೆ. ನಿನ್ ಒಳ್ಳೇದಕ್ಕೇ ಕಣೇ. ಪ್ರತಿ ಗುಂಡಿಗೂ ಸೆಕೆಂಡಿನ ನೂರರಲ್ಲಿ ಒಂದು ಪಾಲು ಉಳೀತಿತ್ತು."

"ಉಳಿಸ್ಕೊಂಡು ಏನ್ ಮಾಡ್ಲಿ? ಉಪ್ಪಿನಕಾಯಿ ಹಾಕ್ಲಾ?"

ನಮ್ಮವರು ನಗುವುದೋ ಬೇಡವೋ ತಿಳಿಯದೆ ಬೂಟು ನೋಡಿಕೊಂಡರು. ಅವರಲ್ಲಿ ಹಲವರ ಬೋಲ್ಟಿನಲ್ಲೂ ಅದೇ ತೂತು. ವಿಲ್ಮರ್ ಒಳ್ಳೆಯ ಮನುಷ್ಯ. ನಿಯಮದ ಹಾಳೆ ತಿರುವಿ ಒಂದು ಸಂದು ಹುಡುಕಿದ. ಬಂದೂಕು ಕೆಟ್ಟರೆ ಮತ್ತೆ ಹೊಡೆಯಲು ಬಿಡುವುದಿಲ್ಲ, ಆದರೆ ಕ್ಲಬ್ಬಿನ ಸಾಮಾನಿನಿಂದ ತೊಂದರೆಯಾದರೆ ಬಿಡಬಹುದು. ಕ್ಲಬ್ಬಿನ ಗಡಿಯಾರ ಹಿಡಿದಿದ್ದರಿಂದ ಎಲ್ವುಡ್ ಆ ಹೊತ್ತಿಗೆ ಕ್ಲಬ್ಬಿನ ಸಾಮಾನೇ ಅಲ್ಲವೇ ಎಂದು ಗಂಭೀರವಾಗಿ ಕೇಳಿದ.

"ಹಂಗೇ ಬರ್ಕೊ," ಎಂದಳು ನೆಯೋಮ. "ಇವನ್ನೂ ಸಾಮಾನಿನ ಶೆಡ್ಡಲ್ಲೇ ಬೀಗ ಹಾಕಿಡು. ಆದ್ರೆ ನಾನ್ ಮತ್ತೆ ಹೊಡೆಯಲ್ಲ. ಹೇಳಿಸ್ಕೊಂಡು ಹೊಡ್ದಿದ್ದು ಹೊಡ್ದಿದ್ದೇ ಅಲ್ಲ."

ಹಲಗೆ ಹಾಗೆಯೇ ಉಳಿಯಿತು. ಊಟಕ್ಕೆಂದು ಬೀಟ್ರೂಟ್ ರಸದಲ್ಲಿ ನೆನೆಸಿಟ್ಟಿದ್ದ ಮೊಟ್ಟೆಗಳನ್ನೂ ಆ ದಿನ ಯಾರೂ ಎರಡನೆಯ ಸಲ ಕೇಳಲಿಲ್ಲ. ಹೊರಡುವ ಮುಂಚೆ ನೆಯೋಮ ಬೋಲ್ಟು ಬಿಚ್ಚಿ ಗಂಡನ ಅಂಗೈಯಲ್ಲಿಟ್ಟು, "ತೂತು ತುಂಬು," ಎಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಹೊಸ ಬೋಲ್ಟು ತರಿಸುತ್ತೇನೆ ಎಂದ. ಅವಳು ಒಪ್ಪಲಿಲ್ಲ, ಅದು ಅವಳಪ್ಪ ಕೊಟ್ಟ ಬಂದೂಕು. ಚಳಿಗಾಲವಿಡೀ ನೆಲಮಾಳಿಗೆಯಲ್ಲಿ ಕೂತು ಹಿತ್ತಾಳೆಯ ಬಿಲ್ಲೆಗಳನ್ನು ಕಡಿದು, ಅರದಿಂದ ತಿಕ್ಕಿ, ತೂತಿಗೆ ಕೂರಿಸಿದ. ಬಿಗಿಯಾದರೆ ಕೂರುವುದಿಲ್ಲ, ಸಡಿಲವಾದರೆ ಉದುರುತ್ತದೆ. ಅವಸರ ಮಾಡಿದ ಬಿಲ್ಲೆಗಳೆಲ್ಲ ಉದುರಿದವು. ಅವನು ಮತ್ತೆ ತಿಕ್ಕಿದ. ಸುದ್ದಿ ತಿಳಿದ ಊರಿನವರು ತಮ್ಮ ಬೋಲ್ಟುಗಳನ್ನೂ ತಂದು ಅವನ ಬಾಗಿಲಲ್ಲಿ ನಿಂತರು. ಅಂತೂ ಅವನಿಗೆ ಕೆಲಸದ ಕೊರತೆಯಾಗಲಿಲ್ಲ.

ವಸಂತದ ಮೊದಲ ಪಂದ್ಯಕ್ಕೆ ವಿಲ್ಮರ್ ಅವನಿಗೆ ಗಡಿಯಾರ ಕೊಡಲಿಲ್ಲ. ನನ್ನ ಅಡುಗೆಕೋಣೆಗೆ ಕಳಿಸಿದ, ಕೋಳಿ ಮತ್ತು ಮೆಕ್ಕೆಜೋಳದ ಸೂಪು ತಿರುವಲಿ ಎಂದು. ನೆಯೋಮಳ ಸರದಿ ಬಂದಾಗ ಸೌಟು ನಿಂತಿತು. ಒಂದು ಟಣ್. ಬಹಳ ಹೊತ್ತು. ಇನ್ನೊಂದು. ಹಿಂದೆ ಆ ನಡುವಿನ ಹೊತ್ತಿಗೆ ಅವನು ಕಾಲು ಕುಟ್ಟುತ್ತಿದ್ದ. ಈಗ ಕಣ್ಣು ಮುಚ್ಚಿ ನಿಂತಿದ್ದ. ಐದನೆಯದೂ ಟಣ್ಣೆಂದ ಮೇಲೆಯೇ ಉಸಿರು ಬಿಟ್ಟದ್ದು. ಅಷ್ಟರಲ್ಲಿ ಸೂಪು ತಳ ಹಿಡಿದಿತ್ತು. ನಾನು ಬೈದೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ; ಅವಳಿಗೆ ಇನ್ನೂ ಮೂರು ಸುತ್ತು ಉಳಿದಿದ್ದವು.