ಎದುರಾಳಿ ಕೇಳಿದ ಪ್ರಶ್ನೆ

“ಮಾವಾ, ಎಷ್ಟಾತು ಪಾಯಿಂಟು?” ನನ್ನ ಅಕ್ಕನ ಮಗ ಮಲ್ಲೇಶ ಮೂರನೇ ಸಲ ಅದನ್ನೇ ಕೇಳಿದಾಗ ನಾವೆಲ್ಲ ನಕ್ಕೆವು.

ಅವನ ಊರು ಮೆಟ್ರಿಯಲ್ಲೇ ಕಬಡ್ಡಿ ಪಂದ್ಯ. ರೈಡಿಗೆ ಹೋದವನನ್ನು ಎದುರಾಳಿಗಳು ಹಿಡಿದು ಕೆಡವಿದಾಗ ತಲೆ ನೆಲಕ್ಕೆ ಬಡಿದಿತ್ತು. ರಕ್ತ ಬಂದಿರಲಿಲ್ಲ, ಎಚ್ಚರ ಮಾತ್ರ ತಪ್ಪಿತ್ತು. ತಂಡ ನೋಡಿಕೊಳ್ಳುತ್ತಿದ್ದ ನಾನು ಹಿರಿಯರು ಮಾಡುತ್ತಿದ್ದಂತೆ ಮುಖಕ್ಕೆ ನೀರು ಚಿಮುಕಿಸಿ, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದೆ. ಎದ್ದು ಕುಳಿತ. ಎರಡೂ ತಂಡಕ್ಕೆ ಸಮ ಅಂಕ, ಉಳಿದದ್ದು ನಾಲ್ಕೇ ನಿಮಿಷ. “ಏಳಲೇ ಹುಲಿ, ಇನ್ನೊಂದು ರೈಡ್ ಹೊಡಿ,” ಎಂದು ಬೆನ್ನು ಚಪ್ಪರಿಸಿದೆ.

ಆಗ ಎದುರು ತಂಡದ ನಾಯಕ ಗೆರೆ ದಾಟಿ ಬಂದ. ಸಂಡೂರು ಕಡೆಯ ಗಣಿಯಲ್ಲಿ ಲಾರಿ ಓಡಿಸುವವನು. “ಯಜಮಾನ್ರ, ಇಳಿಸಬ್ಯಾಡ್ರಿ. ನಮ್ಮ ಗಣ್ಯಾಗ ತಲಿಗೆ ಪೆಟ್ಟು ಬಿದ್ದೋರಿಗೆ ಅವತ್ತು ಗಾಡಿ ಕೀಲಿ ಕೊಡಂಗಿಲ್ಲ, ಸೀದಾ ದವಾಖಾನಿಗೆ ಕಳಸ್ತಾರ.”

“ಸೋಲ್ತೀವಂತ ಅಂಜಿಕಿ ಏನಲೇ?” ಎಂದೆ.

ಅವನು ಸಿಟ್ಟಾಗಲಿಲ್ಲ. “ಗೆದ್ದೋರು ನೀವ ಅನ್ಕೊಳ್ರಿ,” ಎಂದವನೇ ಮಲ್ಲೇಶನ ಪಕ್ಕ ಕುಳಿತು ಕೇಳಿದ: “ತಮ್ಮಾ, ಇದು ಯಾವ ಊರು?”

ಮಲ್ಲೇಶ ಸುತ್ತ ನೋಡಿದ. ಹುಟ್ಟಿ ಬೆಳೆದ ಊರಿನ ಹೆಸರು ಅವನಿಗೆ ಬರಲಿಲ್ಲ. ನಮ್ಮ ನಗು ನಿಂತಿತು.

ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡ. ಮಿದುಳು ಅಲುಗಿದೆ, ಇದರ ಮೇಲೆ ಇನ್ನೊಂದು ಪೆಟ್ಟು ಬಿದ್ದಿದ್ದರೆ ಜೀವಕ್ಕೇ ಕುತ್ತಾಗುತ್ತಿತ್ತು ಎಂದರು ಡಾಕ್ಟರು. ವಾರಗಟ್ಟಲೆ ವಿಶ್ರಾಂತಿಯ ನಂತರ ಗುಣವಾದ.

ಅಕ್ಕ ಇವತ್ತಿಗೂ “ನೀ ಇದ್ದಿ ಅಂತ ನನ್ನ ಮಗ ಉಳಿದ” ಎನ್ನುತ್ತಾಳೆ. ಅವನನ್ನು ಮತ್ತೆ ಆಟಕ್ಕೆ ತಳ್ಳುತ್ತಿದ್ದವನೇ ನಾನು ಎಂದು ಅವಳಿಗೆ ಈ ಬರಹದಲ್ಲೇ ಮೊದಲ ಸಲ ಹೇಳುತ್ತಿದ್ದೇನೆ.