ಇನ್ಶಿರಾಹಳ ಹಟ ಮತ್ತು ಕಪ್ಪು ಪರದೆ

ಇನ್ಶಿರಾಹಳ ಹಟ ಈಜಿಪ್ಟಿನ ಮನ್ಸೂರಾ ಊರಿನ ಅವಳ ಬೀದಿಗೆಲ್ಲ ಗೊತ್ತು. ಸೊಪ್ಪಿನ ಕಟ್ಟಿನಲ್ಲಿ ಒಂದು ಹಳದಿ ಎಲೆ ಕಂಡರೂ ಅಂಗಡಿಯವನ ಮುಂದೆ ಹಿಡಿದು, ಬೇರೆ ಕಟ್ಟು ತೆಗೆದುಕೊಂಡೇ ಮೆಟ್ಟಿಲು ಹತ್ತುವವಳು. ಸ್ವಂತ ವಿಷಯಕ್ಕೆ ಮಾತ್ರ ಆ ಹಟವನ್ನು ಎಷ್ಟೋ ವರ್ಷ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು. ಟೀಚರ್ ತರಬೇತಿ ಮುಗಿದ ವರ್ಷವೇ ಮದುವೆಯಾಯಿತು. ಗಂಡ ಶೌಕಿ, ನೀರಾವರಿ ಕಚೇರಿಯ ಗುಮಾಸ್ತ, ಒಳ್ಳೆಯವನೇ. ಆದರೆ ಅವನ ತಾಯಿ ತಫೀದಾ, ತಮ್ಮ ಮನೆಯ ಸೊಸೆಯಂದಿರು ಹೊರಗೆ ದುಡಿಯುವುದಿಲ್ಲ ಎಂದುಬಿಟ್ಟರು. ಅವನು ತಲೆಯಾಡಿಸಿದ. ಅಲ್ಲಿಗೆ ಮುಗಿಯಿತು.

ಮಕ್ಕಳು ದೊಡ್ಡವರಾಗಿ ಅವರವರ ಮನೆ ಸೇರಿದ ಮೇಲೆ ಮಗಳು ರಿಹಾಬ್ ತನ್ನ ಹಳೆಯ ಲ್ಯಾಪ್‌ಟಾಪನ್ನು ತಾಯಿಗೆ ಬಿಟ್ಟುಹೋದಳು. ಇನ್ಶಿರಾಹ್ ಬೀಗ ತೆಗೆದದ್ದು ಆಗಲೇ. ಪರದೇಶದಲ್ಲಿ ನೆಲೆಸಿದ ಈಜಿಪ್ಟಿನವರ ಮಕ್ಕಳಿಗೆ ಆನ್‌ಲೈನಿನಲ್ಲಿ ಅರಬ್ಬಿ ಕಲಿಸುವ ಒಂದು ಶಾಲೆಗೆ ಅರ್ಜಿ ಹಾಕಿ, ಪರೀಕ್ಷೆ ಕೊಟ್ಟು, ಪಾಸಾದಳು. ಮನೆಯೊಳಗೇ ಕೂತು ಮಾಡುವ ಕೆಲಸವಾದ್ದರಿಂದ ಅತ್ತೆಗೆ ತಡೆಯಲು ನೆಪ ಸಿಗಲಿಲ್ಲ, ಮುಖ ಮಾತ್ರ ಊದಿಕೊಂಡಿತು. ಸ್ವೀಡನ್ನಿನ ಒಬ್ಬ ಪುಟ್ಟ ಹುಡುಗಿ ತಾನು ಬೆಳಿಗ್ಗೆ ಏನು ತಿಂದೆ ಎಂದು ಮೊದಲ ಸಲ ಅರಬ್ಬಿಯಲ್ಲೇ ಅಜ್ಜಿಗೆ ಫೋನಿನಲ್ಲಿ ಹೇಳಿದ ದಿನ, ಆ ಅಜ್ಜಿ ಶಾಲೆಯವರಿಂದ ನಂಬರ್ ಪಡೆದು ಇನ್ಶಿರಾಹಳಿಗೆ ಕರೆ ಮಾಡಿ ಅತ್ತಿದ್ದಳು. ಇವಳೂ ಅತ್ತಳು. ಇದು ನನ್ನದು, ಇನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ ಎಂದು ಅವತ್ತೇ ಅಂದುಕೊಂಡಳು.

ಆಗ ಶುರುವಾಯಿತು ಲ್ಯಾಪ್‌ಟಾಪಿನ ಪರದೆಯ ಕಾಟ. ಗುಂಡಿ ಒತ್ತಿದರೆ ಒಳಗಿನ ಫ್ಯಾನ್ ತಿರುಗುವ ಸದ್ದು ಬರುತ್ತದೆ, ಚಿಕ್ಕ ದೀಪ ಹೊತ್ತಿಕೊಳ್ಳುತ್ತದೆ, ಪರದೆ ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪಗೇ ಇರುತ್ತದೆ. ಕಾದು ಕಾದು, ಇನ್ನೇನು ಕ್ಲಾಸು ತಪ್ಪಿಯೇ ಹೋಯಿತು ಎನ್ನುವಾಗ ಏನೂ ಆಗಿಲ್ಲವೆಂಬಂತೆ ಬೆಳಗುತ್ತದೆ. ಅವಳು ಗುಂಡಿಯನ್ನು ಒತ್ತಿ ಹಿಡಿದು ಆರಿಸಿ ನೋಡಿದಳು. ಬೆಳಕು ಹೆಚ್ಚಿಸುವ ಕೀಲಿಯನ್ನು ಒತ್ತೊತ್ತಿ ನೋಡಿದಳು. ಟಾರ್ಚು ಬಿಟ್ಟು, ಕತ್ತಲೆಯೊಳಗೆ ಚಿತ್ರವೇನಾದರೂ ಅಡಗಿದೆಯೇ ಎಂದೂ ಇಣುಕಿದಳು. ರಿಪೇರಿಯ ವಗ್ದಿಯ ಹತ್ತಿರ ಒಯ್ದರೆ ಅವನ ಮೇಜಿನ ಮೇಲೆ ಅದು ತಕ್ಷಣ ಕಣ್ಣು ಬಿಟ್ಟಿತು. ಅವನು ಪಾಪ ತಂತಿ ಬಿಚ್ಚಿ ಒರೆಸಿ ಹಾಕಿದ, ಸಾಫ್ಟ್‌ವೇರನ್ನೂ ಹೊಸದು ಮಾಡಿದ, ಕೊನೆಗೆ ಕೈಚೆಲ್ಲಿದ. "ಹಾಜ್ಜಾ, ಇದಕ್ಕೇನೂ ಆಗಿಲ್ಲ. ನಿಮ್ಮನೇಲೇ ಏನೋ ಇದೆ, ನೋಡಿ." ಹಜ್ ಯಾತ್ರೆಗೇ ಹೋಗದ ತನ್ನನ್ನು, ವಯಸ್ಸಾದವರನ್ನು ಕರೆಯುವ ಹಾಗೆ, ಹಾಜ್ಜಾ ಮಾಡಿದ್ದಕ್ಕೆ ಅವಳಿಗೆ ಅರ್ಧ ಸಿಟ್ಟು ಬಂತು. ಮನೆಗೆ ತಂದರೆ ಮತ್ತೆ ಅದೇ ಕಪ್ಪು. ಉಳಿದರ್ಧವೂ ಬಂತು.

ಎರಡು ಸಲ ಕ್ಲಾಸಿಗೆ ತಡವಾಯಿತು. ಇನ್ನೊಮ್ಮೆ ಹೀಗಾದರೆ ಆ ಮಕ್ಕಳನ್ನು ಬೇರೆ ಟೀಚರಿಗೆ ಕೊಡುತ್ತೇವೆ ಎಂದು ಶಾಲೆಯವರು ನಯವಾಗಿಯೇ ತಿಳಿಸಿದರು. ಶೌಕಿ ಅವಳನ್ನು ಕೇಳದೆ ಪರಿಚಯದವನೊಬ್ಬನಿಗೆ ಮಾತು ಕೊಟ್ಟ: ಲ್ಯಾಪ್‌ಟಾಪ್ ಮಾರುತ್ತೇನೆ, ಗುರುವಾರ ಸಂಜೆ ಬಂದು ತೆಗೆದುಕೊಂಡು ಹೋಗು. ಗುರುವಾರ ಸಂಜೆಯೇ ಮುಂದಿನ ಕ್ಲಾಸು. ಕ್ಲಾಸು ಮುಗಿಯದೆ ಇದು ಹೊಸ್ತಿಲು ದಾಟುವುದಿಲ್ಲ, ಮುಗಿದ ಮೇಲೂ ನೋಡೋಣ ಎಂದಳು ಇನ್ಶಿರಾಹ್. ಅವನು ಪೇಪರಿನ ಹಿಂದೆ ಮರೆಯಾದ.

ಗುರುವಾರ ಅವಳು ಬೇಗನೆ ಕೂತಳು. ಆಗಸ್ಟಿನ ಸೆಕೆ. ಹೊರಗಿನಿಂದ ಬಂದವಳು ಎಂದಿನಂತೆ ತಲೆಯ ಬಟ್ಟೆ ತೆಗೆದು ಕುರ್ಚಿಗೆ ಹಾಕಿದಳು. ಕ್ಯಾಮೆರಾ ಮುಂದೆ ಕೂರುವಾಗ ಮತ್ತೆ ಹೊದ್ದರಾಯಿತು. ಗುಂಡಿ ಒತ್ತಿದಳು. ಕಪ್ಪು. ಸೋಫಾದಲ್ಲಿ ಅಕ್ಕಿ ಆರಿಸುತ್ತಿದ್ದ ತಫೀದಾ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಅದಕ್ಕಿರೋ ನಾಚಿಕೆ ನಿನಗಿಲ್ಲ. ನೀನು ತಲೆ ಮುಚ್ಚೋ ತನಕ ಅದು ಕಣ್ಣು ಬಿಡಲ್ಲ. ದಿನಾ ನೋಡ್ತಿದ್ದೀನಲ್ಲ."

ಇನ್ಶಿರಾಹಳ ನಾಲಿಗೆಯ ತುದಿಗೆ ಖಾರವಾದ ಉತ್ತರ ಬಂದಿತ್ತು. ಅದನ್ನು ನುಂಗಿದಳು. ಈ ಮುದುಕಿಯ ಬಾಯಿ ಕೆಟ್ಟದ್ದು, ಕಣ್ಣು ಕೆಟ್ಟದ್ದಲ್ಲ. ಹೌದು, ಪ್ರತಿ ಸಲವೂ ಹಾಗೇ ಆಗಿತ್ತು. ಸೋತು, ಕೊನೆಗೆ ಬಟ್ಟೆ ಹೊದ್ದ ಮೇಲೆಯೇ ಪರದೆ ಬೆಳಗಿತ್ತು. ವಗ್ದಿಯ ಅಂಗಡಿಯಲ್ಲೂ ತಲೆ ಮುಚ್ಚಿಯೇ ಇತ್ತು.

ಎದ್ದು ಬಟ್ಟೆಯನ್ನು ಹಾಗೇ ತಲೆಗೆ ಸುತ್ತಿಕೊಂಡಳು. ಪರದೆ ಕಪ್ಪಾಗಿಯೇ ಇತ್ತು. ತಫೀದಾಗೆ ತುಸು ನಿರಾಸೆಯಾಯಿತು. ಬಟ್ಟೆ ಜಾರತೊಡಗಿದಾಗ ಇನ್ಶಿರಾಹ್ ಅದನ್ನು ಕತ್ತಿನ ಬಳಿ ಬಿಗಿಯಲು ಪಿನ್ನಿಗೆ ಕೈ ಹಾಕಿದಳು. ಸೂಜಿ ಚುಚ್ಚಿ ಬಟ್ಟೆ ಹಾಳಾಗದಿರಲಿ ಎಂದು ಈಗ ಎಲ್ಲರೂ ಹಾಕುವ, ಬಟ್ಟೆಯನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುವ ಆಯಸ್ಕಾಂತದ ಜೋಡಿ ಅದು. ಸೋಫಾದ ಸಂದಿಗೆ ಬಿದ್ದು ಎಷ್ಟೋ ಕಳೆದುಹೋಗಿದ್ದರಿಂದ, ತೆಗೆದ ಕೂಡಲೇ ಲ್ಯಾಪ್‌ಟಾಪಿನ ಕೀಲಿಗಳ ಪಕ್ಕದ ಮೂಲೆಗೆ ಅಂಟಿಸುವುದು ಅವಳ ರೂಢಿ. ಅದನ್ನು ಕಿತ್ತದ್ದೇ ತಡ, ಪರದೆ ಬೆಳಗಿತು.

ಪಿನ್ನನ್ನು ಮತ್ತೆ ಮೂಲೆಗಿಟ್ಟಳು. ಕಪ್ಪು. ತೆಗೆದಳು. ಬೆಳಕು.

"ಇನ್ನೊಂದ್ಸಲ ಮಾಡು," ಎಂದರು ತಫೀದಾ. ಅಕ್ಕಿಯ ತಟ್ಟೆ ಪಕ್ಕಕ್ಕೆ ಸರಿದಿತ್ತು.

ಪರದೆಯಿರುವ ಮುಚ್ಚಳದ ಅಂಚಿಗೆ ಪಿನ್ನು ಹಿಡಿದು ನೋಡಿದರೆ ಅಲ್ಲೂ ಒಂದು ಕಡೆ ಟಕ್ಕೆಂದು ಕಚ್ಚಿಕೊಂಡಿತು. ಆ ಜಾಗ, ಮುಚ್ಚಿದಾಗ ನೇರವಾಗಿ ಆ ಮೂಲೆಯ ಮೇಲೇ ಕೂರುತ್ತಿತ್ತು. ಅವಳಿಗೆ ಎಲ್ಲ ಹೊಳೆಯಿತು. ಮುಚ್ಚಳದಲ್ಲೇ ಒಂದು ಆಯಸ್ಕಾಂತವಿದೆ. ಅದು ಆ ಮೂಲೆಯ ಹತ್ತಿರ ಬಂದರೆ ತನ್ನನ್ನು ಮುಚ್ಚಿದರು ಎಂದುಕೊಂಡು ಲ್ಯಾಪ್‌ಟಾಪ್ ಪರದೆ ಆರಿಸುತ್ತದೆ. ತಾನೋ ದಿನಾ ಅಲ್ಲೇ ಪಿನ್ನಿಟ್ಟು ಕೈಯಾರೆ ಅದಕ್ಕೆ ಮಲಗು ಎಂದು ಹೇಳಿ, ಏಳು ಏಳು ಎಂದು ಗೋಳಾಡುತ್ತಿದ್ದಳು. ನಗು ಬಂತು, ತನ್ನ ಮೇಲೆ ಸಿಟ್ಟೂ ಬಂತು.

"ನೀವು ಹೇಳದೇ ಇದ್ರೆ ಗೊತ್ತೇ ಆಗ್ತಿರ್ಲಿಲ್ಲ ಅತ್ತೆ," ಎಂದಳು.

"ನಾನು ಬೈದದ್ದು ಕಣೇ, ಹೇಳಿದ್ದಲ್ಲ," ಎಂದು ಗೊಣಗಿದರೂ ಮುದುಕಿಯ ಮುಖ ಅರಳಿತ್ತು.

ಕ್ಲಾಸು ಹೊತ್ತಿಗೆ ಸರಿಯಾಗಿ ಶುರುವಾಯಿತು. ಪುಟ್ಟ ಮುಖಗಳು ಒಂದೊಂದಾಗಿ ಮೂಡಿ, ಈಜಿಪ್ಟಿನಲ್ಲಿ ಟೀಚರನ್ನು ಕರೆಯುವಂತೆ "ಅಬ್ಲಾ, ಅಬ್ಲಾ" ಎಂದು ಕೂಗಿದವು. ಪಾಠ ಅರ್ಧವಾಗಿತ್ತು, ಬಾಗಿಲ ಗಂಟೆ ಮೊಳಗಿತು. ಕೊಳ್ಳುವವನು. ಇನ್ಶಿರಾಹ್ ಏಳುವ ಮೊದಲೇ ತಫೀದಾ ಮಂಡಿ ಹಿಡಿದುಕೊಂಡು ಎದ್ದು ಹೋದರು.

"ಯಾವ ಲ್ಯಾಪ್‌ಟಾಪೂ ಮಾರೋದಿಲ್ಲ ಮಗ. ಒಳಗೆ ಅಬ್ಲಾ ಪಾಠ ಮಾಡ್ತಿದ್ದಾರೆ. ಮೆಲ್ಲಗೆ ಮೆಟ್ಟಿಲಿಳಿ."

ಆಮೇಲೆ ಅವರು ಅಡುಗೆಮನೆಯಿಂದ ಕುರ್ಚಿ ಎಳೆದು ತಂದು ಕೋಣೆಯ ಬಾಗಿಲಿಗೆ ಅಡ್ಡ ಹಾಕಿ ಕೂತರು. ಸ್ವಲ್ಪ ಹೊತ್ತಿಗೆ ಶೌಕಿ ಬಂದ. ಅವನನ್ನೂ ಒಳಗೆ ಬಿಡಲಿಲ್ಲ.