ಇಬ್ಬರು ಮಡಿಸುವ ಬೆಡ್‌ಶೀಟು

ಬೆಡ್‌ಶೀಟಿನ ಎರಡು ಮೂಲೆ ನನ್ನ ಕೈಯಲ್ಲಿದ್ದವು, ಇನ್ನೆರಡು ಸುಮಿತ್ರಾ ಸಿಸ್ಟರ್ ಅವರ ಕೈಯಲ್ಲಿ. ಜಗ್ಗಿ ಕೊಡವುತ್ತ ಅವರು, "ಚೆನ್ನಮ್ಮಾ, ಇನ್ನ ಮ್ಯಾಲೆ ಅರಿವಿ ಖೋಲಿಗೆ ಒಬ್ಬಾಕೀನ ಇಳೀಬ್ಯಾಡ" ಎಂದರು. ವಿಶಾಖಪಟ್ಟಣದ ನಮ್ಮ ಖಾಸಗಿ ಆಸ್ಪತ್ರೆಯಲ್ಲಿ ಬಹುಕಾಲ ಮೇಟ್ರನ್ ಆಗಿದ್ದು, ಈಗ ಅದರ ವಿಜಯವಾಡ ಶಾಖೆಯಿಂದ ನಿವೃತ್ತರಾಗುತ್ತಿರುವ ಈ ಧಾರವಾಡದ ಹೆಣ್ಣುಮಗಳ ಶುಶ್ರೂಷೆಯ ಹಿರಿಮೆಯನ್ನು ಬಲ್ಲವರು ಬರೆದಾರು. ಅವರೇ ಬೆನ್ನು ಹತ್ತಿ ರಾತ್ರಿ ಶಾಲೆಗೆ ಕಳಿಸಿದ್ದರಿಂದ ಅಕ್ಷರ ಕಂಡ ಆಯಾ ನಾನು, ಆ ಒಂದು ಮಾತಿನ ಕಥೆಯನ್ನಷ್ಟೇ ಬರೆಯುತ್ತೇನೆ.

ಅದು ೨೦೦೨. ಹಿಂದಿನ ದಿನ ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಸ್ಟೋರಿನ ಅಧಿಕಾರಿ ಬಾಗಿಲು ಹಾಕಿ, ಎಳೆಯ ನರ್ಸ್ ಧನ್ಯಾಳ ಮೈಮೇಲೆ ಕೈ ಹಾಕಿದ್ದ. ದೂರು ಕೇಳುವ ಸಮಿತಿ ಮಾಡಿರೆಂದು ಸಿಸ್ಟರ್ ಕೇಳಿದರೆ ಆಡಳಿತದವರು "ನೋಡೋಣ" ಎಂದರು. ಅವನು ಉಳಿದ, ಧನ್ಯಾ ಕೆಲಸ ಬಿಟ್ಟಳು. ಅಂದಿನಿಂದ ಸಿಸ್ಟರ್ ಹೆಂಗಸರನ್ನು ಅಲ್ಲಿಗೆ ಜೋಡಿಯಾಗಿಯೇ ಕಳಿಸಿದರು. ಜೊತೆ ಸಿಗದ ದಿನ ತಾವೇ ಇಳಿದು ಬಂದು ಗಂಟು ಹೊತ್ತರು.

ಮೂರು ವರ್ಷದ ಮೇಲೆ ಸಂಬಳ ಏರಿದಾಗ ವಾರ್ಡ್‌ಬಾಯ್‌ಗಳಿಗೆ ಸಿಕ್ಕಿದ್ದು ಆಯಾಗಳಿಗೆ ಸಿಗಲಿಲ್ಲ. ಆಡಳಿತಾಧಿಕಾರಿ ಕಾಮೇಶ್ವರ ರಾವ್ ನಕ್ಕು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, "ಬಟ್ಟೆ ಗಂಟನ್ನ ಗಂಡಸು ಒಬ್ಬನೇ ತರ್ತಾನೆ, ನಿಮ್ಮೋರು ಇಬ್ಬರು ಹೋಗ್ತಾರೆ ಕದಾ ಮೇಡಂ! ಜೋಡಿ ಬಿಡಿಸಿ, ಸಮ ಮಾಡ್ತೀನಿ" ಎಂದರಂತೆ.

"ಬಾಗಲಾ ಹಾಕಿದಾಂವನ ಸಂಬಳಕ್ಕ ಏನೂ ಆಗಲಿಲ್ಲ, ಅಂಜಿದವರದ ಹಿಡಿದರು" ಎಂದು ಸಿಸ್ಟರ್ ನಮ್ಮ ಮುಂದೆ ಕುಸಿದು ಕೂತರು.

ಆಯಾ ಭ್ರಮರಾಂಬ, "ನಾಳೆ ಇಬ್ಬರಿಗೆ ಒಂದೇ ಕಪ್ಪು ಚಹಾ ಕೊಡ್ತಾರೆ ನೋಡಿ" ಎಂದಳು. ನಕ್ಕೆವು. ಜೋಡಿಯನ್ನು ಮಾತ್ರ ಯಾರೂ ಬಿಡಲಿಲ್ಲ.

ಸಿಸ್ಟರ್ ಕಾರ್ಮಿಕ ಇಲಾಖೆಗೆ ಪತ್ರ ಬರೆದರು, ನಾವು ಸಹಿ ಹಾಕಿದೆವು. ಆದರೆ ಜೋಡಿ ಏಕೆಂದು ಇಲಾಖೆಗೆ ತಿಳಿಯಬೇಕಾದರೆ ಧನ್ಯಾಳ ಹೇಳಿಕೆ ಬೇಕು, ಅವಳಿಗೆ ಭಯ. "ಆಕೀ ನೋವು ಆಕೀದು. ಆಕಿ ಒಪ್ಪೂತನಕ ಕಾಯೋಣು" ಎಂದು ಪತ್ರವನ್ನು ಅಂಚೆಗೆ ಹಾಕದೆ ನನ್ನ ಕೈಗಿತ್ತರು. ಅಷ್ಟರಲ್ಲಿ ಅವರನ್ನು ವಿಜಯವಾಡಕ್ಕೆ ಎತ್ತಿಹಾಕಿದರು. ಅಲ್ಲಿಂದ ಫೋನು ಮಾಡಿದಾಗಲೆಲ್ಲ ಧನ್ಯಾಳ ಕ್ಷೇಮ ಕೇಳುತ್ತಿದ್ದರು, ಪತ್ರದ ಸುದ್ದಿ ಎತ್ತುತ್ತಿರಲಿಲ್ಲ.

ಸಿಸ್ಟರ್ ನಿವೃತ್ತರಾಗುತ್ತಾರೆಂದು ಕೇಳಿ, ಊರಂಚಿನ ಮಧುರವಾಡದಲ್ಲಿ ಹೊಲಿಗೆ ಮಾಡಿಕೊಂಡಿರುವ ಧನ್ಯಾ ಮೊನ್ನೆ ಬಂದಳು. ಮತ್ತೆ ನರ್ಸ್ ಆಗಲಿಲ್ಲ ಆ ಹುಡುಗಿ. ನಾನು ಮಡಿಸುತ್ತಿದ್ದ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದು, "ಭಯ ಹೋಗಿಲ್ಲ ದೊಡ್ಡಮ್ಮಾ. ಆದ್ರೂ ಬರೆದು ಕೊಡ್ತೀನಿ" ಎಂದಳು.

ಸಿಸ್ಟರ್, ನಿಮ್ಮ ಆಯುಷ್ಯ ಗಟ್ಟಿಯಿರಲಿ. ಉತ್ತರ ಬಂದ ದಿನ ಅದರ ಸರ್ಕಾರಿ ಇಂಗ್ಲಿಷು ಓದಿ ಹೇಳಲು ನೀವು ಬೇಕು, ಮುಂದಿನ ಓಡಾಟಕ್ಕೂ ಬೇಕು. ಅಂಚೆ ಕಚೇರಿ ಇಲ್ಲೇ ಎದುರಿಗೆ, ನಾನೊಬ್ಬಳೇ ಹೋಗಬಹುದಿತ್ತು. ಧನ್ಯಾಳೂ ನಾನೂ ಜೋಡಿಯಾಗಿಯೇ ಹೋಗಿ, ಅವಳ ಹೇಳಿಕೆ ಸೇರಿಸಿ ಪತ್ರವನ್ನು ರಿಜಿಸ್ಟರ್ ಮಾಡಿ ಬಂದೆವು.